‘ಹೌದು’ ಒತ್ತಲು ಜನ ಬೇಕಾಗಿದ್ದಾರೆ

ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶಕ್ಕೆ ಕಪ್ಪು ಕಿಟಕಿಯಲ್ಲಿ ಒಂದು ಸಾಲಿನ ಅಪ್ಪಣೆ ಕೊಟ್ಟರೆ ಸಾಕು, ಎದ್ದು ಬಂದು ಹೊಸ ಪತ್ರದ ಹಾಳೆ ಬಿಡಿಸುತ್ತದೆ. ವಿಳಾಸ ತುಂಬುತ್ತದೆ, ವಿಷಯ ನಮೂದಿಸುತ್ತದೆ, ಒಕ್ಕಣೆ ಇಳಿಸುತ್ತದೆ, ಬಿಲ್ಲಿನ ಪಿಡಿಎಫ್ ಲಗತ್ತಿಸುತ್ತದೆ. ಆಮೇಲೆ ಕೈಕಟ್ಟಿ ನಿಂತುಬಿಡುತ್ತದೆ. ಚಪ್ಪರ ಹಾಕಿಸಿ, ಓಲಗದವರನ್ನು ಕರೆಸಿ, ಹೆಣ್ಣನ್ನು ಹಸೆಗೆ ತಂದು ಕೂರಿಸಿ, ತಾಳಿ ಮಾತ್ರ ತಾವೇ ಕಟ್ಟಬೇಕು ಸ್ವಾಮೀ ಎಂದಂತೆ. ಆ ಅಪ್ಪಣೆಯ ಹೆಸರು ‘ಕಂಪೋಸ್’. ‘ಸೆಂಡ್’ ಎಂಬ ಅಪ್ಪಣೆಯನ್ನು ಅದಕ್ಕೆ ಯಾರೂ ಕಲಿಸಿಲ್ಲ.

ಹಠವಾದಿಗಳು ಇದಕ್ಕೂ ದಾರಿ ಮಾಡಿಕೊಂಡಿದ್ದಾರೆ. ಸ್ಕ್ರಿಪ್ಟಿನಿಂದ ಪತ್ರ ತೆರೆಸುವುದು, ಮೂರು ಸೆಕೆಂಡು ಕಾಯಿಸುವುದು, ಆಮೇಲೆ ಅದೃಶ್ಯ ಬೆರಳಿನಿಂದ ಕಂಟ್ರೋಲ್-ಎಂಟರ್ ಒತ್ತಿಸುವುದು. ಕೇಳುವುದಕ್ಕೆ ಚೆನ್ನ. ಆದರೆ ಅದೃಶ್ಯ ಬೆರಳಿಗೆ ಕಣ್ಣಿಲ್ಲ. ಆ ಮೂರು ಸೆಕೆಂಡಿನಲ್ಲಿ ಬೇರಾವುದೋ ಕಿಟಕಿ ಹಾರಿ ಮುಂದೆ ಬಂದರೆ ಒತ್ತು ಅಲ್ಲಿಗೆ ಬೀಳುತ್ತದೆ. ಬಿಲ್ಲು ಇಲ್ಲೇ ಉಳಿದು, ಅರ್ಧ ಟೈಪಿಸಿಟ್ಟ ಇನ್ನೇನೋ ಇನ್ನಾರಿಗೋ ಹೊರಟುಹೋಗುತ್ತದೆ.

ಥಂಡರ್‌ಬರ್ಡಿನ ಮಡಿಗೆ ಕಾರಣ ಅದಕ್ಕೇ ಗೊತ್ತು. ಮೈಕ್ರೋಸಾಫ್ಟಿನ ಮೇಲ್ ತಂತ್ರಾಂಶ ಔಟ್‌ಲುಕ್ಕಿನದು ಊರಿಗೆಲ್ಲ ಗೊತ್ತು. 1999ರ ಮಾರ್ಚ್‌ನಲ್ಲಿ ಮೆಲಿಸ್ಸಾ ಎಂಬ ವೈರಸ್ ವರ್ಡ್ ಕಡತವೊಂದರ ಮ್ಯಾಕ್ರೊ ವೇಷದಲ್ಲಿ ಬಂತು. ತೆರೆದವರ ಔಟ್‌ಲುಕ್ ವಿಳಾಸಪಟ್ಟಿಯಲ್ಲಿ ಮೊದಲ 50 ಹೆಸರಿಗೆ ತನ್ನನ್ನು ತಾನೇ ರವಾನಿಸಿಕೊಂಡಿತು. ಐವತ್ತಕ್ಕೆ ನಿಲ್ಲಿಸಿತಲ್ಲ, ಅದರ ಸಂಯಮವನ್ನು ಮೆಚ್ಚಬೇಕು. ಮರುವರ್ಷ ಮೇ 4ರಂದು ಮನಿಲಾದಿಂದ ಹೊರಟ ‘ಐ ಲವ್ ಯೂ’ಗೆ ಅಷ್ಟೂ ಸಂಯಮವಿರಲಿಲ್ಲ. ಪಟ್ಟಿಯಲ್ಲಿದ್ದವರನ್ನೆಲ್ಲ ಅದು ಪ್ರೀತಿಸಿತು. ಆಡಿಟರನ್ನು, ಮೇಲಧಿಕಾರಿಯನ್ನು, ಎಂದೋ ಒಮ್ಮೆ ಕೊಟೇಶನ್ ಕೇಳಿದ್ದ ಫರ್ನಿಚರ್ ಅಂಗಡಿಯವನನ್ನು. ಬ್ರಿಟನ್ನಿನ ಸಂಸತ್ತು ಈ ಪ್ರೇಮದ ಹೊಡೆತ ತಾಳಲಾರದೆ ತನ್ನ ಮೇಲ್ ವ್ಯವಸ್ಥೆಯನ್ನೇ ಬಾಗಿಲು ಹಾಕಿಸಿತು. ಪತ್ರ ಬರೆದ ಹುಡುಗನನ್ನು ಶಿಕ್ಷಿಸೋಣವೆಂದರೆ ಫಿಲಿಪ್ಪೀನ್ಸಿನಲ್ಲಿ ಆಗ ಅದಕ್ಕೆ ತಕ್ಕ ಕಾನೂನೇ ಇರಲಿಲ್ಲ, ಕೇಸು ಬಿದ್ದುಹೋಯಿತು.

ಆ ಪ್ರೇಮಪತ್ರದ ಸ್ಕ್ರಿಪ್ಟೂ, ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ಮೇಂಟೆನೆನ್ಸ್ ಬಿಲ್ಲು ಕಳಿಸುವ ಸ್ಕ್ರಿಪ್ಟೂ ಒಂದೇ ಗರಡಿಯವು. ಔಟ್‌ಲುಕ್ ಅನ್ನು ಕರೆ, ಖಾಲಿ ಪತ್ರ ತೆಗೆ, ವಿಳಾಸ ಹಾಕು, ಕಡತ ಅಂಟಿಸು, ಕಳಿಸು. ವ್ಯತ್ಯಾಸ ಇಷ್ಟೇ: ಅದನ್ನು ಜನ ಆಸೆಪಟ್ಟು ತೆರೆದರು.

ಮೈಕ್ರೋಸಾಫ್ಟಿನವರಿಗೆ ಎಚ್ಚರವಾಯಿತು. ಯಾವುದೇ ಪ್ರೋಗ್ರಾಮು ಔಟ್‌ಲುಕ್ ಮೂಲಕ ಪತ್ರ ಕಳಿಸಲು ಹೊರಟರೆ ‘ನಿಮ್ಮ ಹೆಸರಿನಲ್ಲಿ ಯಾರೋ ಕಳಿಸುತ್ತಿದ್ದಾರೆ, ಬಿಡಲೇ?’ ಎಂದು ಅಡ್ಡಗಟ್ಟಿ ಕೇಳುವ ಒಂದು ಪೆಟ್ಟಿಗೆ ಹುಟ್ಟಿಕೊಂಡಿತು. ‘ಬೇಡ’ ಎನ್ನುವುದಾದರೆ ತಕ್ಷಣ ಒತ್ತಬಹುದು. ‘ಹೌದು’ ಎನ್ನುವುದಾದರೆ ಆ ಗುಂಡಿ ಐದು ಸೆಕೆಂಡು ಮಂಕಾಗಿ ಕೂತಿರುತ್ತದೆ. ಯೋಚಿಸಿ ಹೇಳು ಮಗನೇ ಎಂಬ ಅರ್ಥ. ಪತ್ರವೊಂದಕ್ಕೆ ಐದು ಸೆಕೆಂಡೆಂದರೆ 120 ಫ್ಲ್ಯಾಟಿಗೆ ಹತ್ತು ನಿಮಿಷ ಬರೀ ಯೋಚನೆಗೇ ಹೋಗುತ್ತದೆ, ಅದೂ ನೂರಿಪ್ಪತ್ತು ಸಲ ಅದದೇ ಯೋಚನೆಗೆ.

ಇದಾದ ಮೇಲೆ ನಡೆದದ್ದೇ ನನಗೆ ಬಹಳ ಇಷ್ಟವಾದ ಭಾಗ. ‘ಎಕ್ಸ್‌ಪ್ರೆಸ್ ಕ್ಲಿಕ್‌ಯೆಸ್’ ಎಂಬ ಪುಟ್ಟ ಪ್ರೋಗ್ರಾಮೊಂದು ಬಂತು. ಅದರ ಜೀವಮಾನದ ಕಾಯಕ ಒಂದೇ: ಗಡಿಯಾರದ ಪಕ್ಕದ ಮೂಲೆಯಲ್ಲಿ ಕೂತಿದ್ದು, ಆ ಪೆಟ್ಟಿಗೆ ಬಂದಾಗಲೆಲ್ಲ ಮನುಷ್ಯನ ಪರವಾಗಿ ‘ಹೌದು’ ಒತ್ತುವುದು. ಯಂತ್ರ ಕಳಿಸುತ್ತದೆ, ಇನ್ನೊಂದು ಯಂತ್ರ ‘ಇದು ಯಂತ್ರವೇನೋ ನೋಡಿ’ ಎನ್ನುತ್ತದೆ, ಮೂರನೆಯ ಯಂತ್ರ ‘ಛೇ, ನಾವು ಮನುಷ್ಯರೇ, ಬಿಡಿ’ ಎನ್ನುತ್ತದೆ. ಮನುಷ್ಯ ಅಷ್ಟರಲ್ಲಿ ಕಾಫಿಗೆ ಹೋಗಿರುತ್ತಾನೆ. 2007ರ ಆವೃತ್ತಿಯಿಂದೀಚೆಗೆ ಈ ನಾಟಕ ಕಡಿಮೆಯಾಗಿದೆ; ಆ್ಯಂಟಿವೈರಸ್ ತಾಜಾ ಆಗಿದ್ದರೆ ಔಟ್‌ಲುಕ್ ಸುಮ್ಮನೆ ದಾರಿ ಬಿಡುತ್ತದೆ.

ನಮ್ಮ ಸಂಘದ ಕಚೇರಿ ಎಂದರೆ ಡಿ.ಜಿ. ಸೆಟ್ಟಿನ ಪಕ್ಕದ ಕೋಣೆ. ಅಲ್ಲಿಯ ಡೆಸ್ಕ್‌ಟಾಪಿನ ಮುಂದೆ ಕೂರುವ ಖಜಾಂಚಿಗಳು ಬ್ಯಾಂಕಿನಿಂದ ನಿವೃತ್ತರಾದವರು. ತಿಂಗಳ ಮೊದಲ ವಾರವೆಲ್ಲ ಹಳೆಯ ಪತ್ರ ಕಾಪಿ ಮಾಡಿ, ತಿಂಗಳು ಬದಲಿಸಿ, ಟ್ಯಾಂಕರ್ ನೀರಿನ ಪಾಲು ಬದಲಿಸಿ, ಒಂದೊಂದೇ ಕಳಿಸುತ್ತಿದ್ದರು. ಕಾರ್ಯದರ್ಶಿಯಾದ ನನಗೆ ಮ್ಯಾಕ್ರೊ ಬರೆಯುವ ವಿಬಿಎ ಭಾಷೆ ಅಷ್ಟಿಷ್ಟು ಬರುತ್ತದೆಂದು ತಿಳಿದು, ‘ಏನ್ರೀ ಕಾರ್ಯದರ್ಶಿಗಳೇ, ಇದನ್ನ ತಾನಾಗೇ ಹೋಗೋ ಹಾಗೆ ಮಾಡಿಕೊಡಿ’ ಎಂದರು. ಎಕ್ಸೆಲ್ಲಿನಲ್ಲಿ ಪಟ್ಟಿ ಮೊದಲೇ ಇತ್ತು. ಇಪ್ಪತ್ತು ಸಾಲಿನ ಕೆಲಸ.

ಇಪ್ಪತ್ತು ಸಾಲು ಬರೆದದ್ದೂ ಆಯಿತು, ತೊಡಕು ಬಂದದ್ದು ನಮಸ್ಕಾರದಲ್ಲಿ. ಈ ಮೇಲ್ ತಂತ್ರಾಂಶಗಳಿಗೆಲ್ಲ ಮನುಷ್ಯರಿಗೆ ಒಂದು ಮೊದಲ ಹೆಸರು, ಒಂದು ಕೊನೆಯ ಹೆಸರು ಇರುತ್ತದೆಂಬ ನಂಬಿಕೆ. ನಮ್ಮಲ್ಲಿ ಮೊದಲು ಬರುವುದು ಊರು. ಹಾಸನ, ಹುಣಸೂರು, ಹೊಳೆನರಸೀಪುರದ ಸಂತಾನವೆಲ್ಲ ‘ಡಿಯರ್ ಎಚ್’ ಆಗಿಬಿಡುವ ಸ್ಥಿತಿ. ಹಾಗಾದರೆ ಕೊನೆಯ ಪದ ಹಿಡಿ ಎಂದರೆ ಧಾರವಾಡದ ಕಡೆಯವರು ಬರೀ ಪಾಟೀಲರೂ ಕುಲಕರ್ಣಿಗಳೂ ಆಗುತ್ತಾರೆ, ಮತ್ತು ನಮ್ಮ ಬಿ ಬ್ಲಾಕಿನಲ್ಲಿ ಪಾಟೀಲರಿಗೇನೂ ಬರವಿಲ್ಲ. ಕಡೆಗೆ ‘ಸಂಬೋಧನೆ’ ಎಂದು ಬೇರೆಯೇ ಒಂದು ಕಾಲಂ ಮಾಡಿ ಖಜಾಂಚಿಗಳ ಮುಂದಿಟ್ಟೆ.

ಸಾಲ ಮಂಜೂರು ಮಾಡುವ ಶ್ರದ್ಧೆಯಿಂದ ಅದನ್ನು ತುಂಬಿದರು. ಸಾರ್, ಮೇಡಂ, ಡಾಕ್ಟ್ರೇ, ಮೇಷ್ಟ್ರೇ, ನೆಲಮಹಡಿಯ ಹಿರಿಯರೊಬ್ಬರಿಗೆ ‘ಅಮ್ಮಾ’. ನಡುನಡುವೆ ಕೆಲವು ಮನೆ ಖಾಲಿ. ಮರೆತಿರಾ ಎಂದೆ.

‘ಮರೆತಿಲ್ಲ. ಅವರದು ಏಳು ತಿಂಗಳ ಬಾಕಿ.’

ಇದನ್ನೂ ತಾನಾಗೇ ಆಗುವಂತೆ ಮಾಡಬಹುದೇ ಎಂದು ಅವರು ಕೇಳಿದಾಗ ಸ್ಕ್ರಿಪ್ಟಿನ ನಿಜವಾದ ಉಪಯೋಗ ನನಗೆ ಹೊಳೆಯಿತು. ಈಗ ಅದರಲ್ಲಿ ನಾಲ್ಕು ಮೆಟ್ಟಿಲಿವೆ. ಬಾಕಿಯಿಲ್ಲದವರಿಗೆ ಕಾಲಂನಲ್ಲಿರುವ ಆತ್ಮೀಯತೆ ಪೂರ್ತಿ. ಮೂರು ತಿಂಗಳು ದಾಟಿದರೆ ‘ಮಾನ್ಯರೇ’. ಆರು ದಾಟಿದರೆ ‘ನಿವಾಸಿಗಳೇ’. ಅದಕ್ಕೂ ಮೀರಿದರೆ ನೇರವಾಗಿ ಮೊತ್ತ.

ಆಮೇಲೆ ಕನ್ನಡದ ಪ್ರಶ್ನೆ. ಪ್ರಶ್ನೆ ಎಂದರೆ ಅಕ್ಷರಶಃ ಪ್ರಶ್ನೆ: ವಿಬಿಎ ಸಂಪಾದಕಕ್ಕೆ ಯುನಿಕೋಡ್ ಗೊತ್ತಿಲ್ಲ, ಅದರೊಳಗೆ ಕನ್ನಡ ಟೈಪಿಸಿದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಮೂಡುತ್ತವೆ. ಅಲ್ಲೇ ಬರೆಯಲೇಬೇಕೆಂದರೆ ಅಕ್ಷರಕ್ಕೊಂದು ಸಂಖ್ಯೆ ಕೊಡಬೇಕು. ನಮಸ್ಕಾರ ಎಂದರೆ 3240, 3246, 3256, 3277, 3221, 3262, 3248. ನಡುವಿನ 3277 ಅರ್ಧಾಕ್ಷರದ ಕೊಂಡಿ, ಅದು ಬಿದ್ದುಹೋದರೆ ನಮಸ್ಕಾರ ‘ನಮಸಕಾರ’ವಾಗುತ್ತದೆ. ಕನ್ನಡವನ್ನೆಲ್ಲ ಎಕ್ಸೆಲ್ಲಿನ ಮನೆಗಳಲ್ಲಿ ಬರೆದಿಟ್ಟು ಮ್ಯಾಕ್ರೊಗೆ ಅಲ್ಲಿಂದ ಓದಿಕೊಳ್ಳಲು ಹೇಳಿದರೆ ಇಷ್ಟೆಲ್ಲ ಬೇಕಿಲ್ಲ, ಕೊನೆಗೆ ಮಾಡಿದ್ದೂ ಹಾಗೆಯೇ. ಆದರೆ ಖಜಾಂಚಿಗಳಿಗೆ ಸಂಖ್ಯೆಯೇ ಹಿಡಿಸಿತು. ಮೂವತ್ತೈದು ವರ್ಷ ಖಾತೆದಾರರನ್ನು ಸಂಖ್ಯೆಯಿಂದಲೇ ಗುರುತಿಸಿದವರು. ಕೆಲವು ದಿನ ಲಿಫ್ಟಿನಲ್ಲಿ ಸಿಕ್ಕಾಗ ನನಗೆ ‘ಮೂವತ್ತೆರಡು ನಲವತ್ತು!’ ಎಂದು ಕೈಮುಗಿಯುತ್ತಿದ್ದರು.

ಇನ್ನು ಕಳಿಸುವುದೊಂದೇ ಬಾಕಿ. ಔಟ್‌ಲುಕ್ ಸ್ಕ್ರಿಪ್ಟಿನಲ್ಲಿ ಪತ್ರ ತಯಾರಾದ ಮೇಲೆ ‘ಸೆಂಡ್’ ಎಂದು ಬರೆದರೆ ಹೊರಟೇಹೋಗುತ್ತದೆ. ‘ಡಿಸ್‌ಪ್ಲೇ’ ಎಂದು ಬರೆದರೆ ಪರದೆಯ ಮೇಲೆ ಬಂದು ನಿಲ್ಲುತ್ತದೆ. ಒಂದೇ ಪದದ ವ್ಯತ್ಯಾಸ. ಖಜಾಂಚಿಗಳು ಮೊದಲನೆಯದನ್ನು ಕೇಳಿ ಬೆಚ್ಚಿದರು. ‘ನನ್ನ ಸಹಿ ಇರೋ ಕಾಗದ ನಾನು ನೋಡದೆ ಹೋಗೋದೇ?’ ಹೀಗಾಗಿ ಡಿಸ್‌ಪ್ಲೇ. ಒಮ್ಮೆಲೇ 120 ಕಿಟಕಿ ತೆರೆದರೆ ಆ ಮುದಿ ಕಂಪ್ಯೂಟರಿಗೆ ಉಸಿರು ಕಟ್ಟೀತೆಂದು ಹತ್ತತ್ತರಂತೆ ತೆರೆಯುವ ಏರ್ಪಾಡು ಮಾಡಿದೆ. ಅವರು ಕನ್ನಡಕ ಏರಿಸಿ ಪ್ರತಿ ಪತ್ರವನ್ನೂ ತಲೆಯಿಂದ ಕಾಲಿನವರೆಗೆ ಓದಿ, ಲೆಕ್ಕವನ್ನು ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ತಾಳೆ ನೋಡಿ, ಸೆಂಡ್ ಒತ್ತುತ್ತಾರೆ. ಕೆಲಸ ಮೊದಲಿನಷ್ಟೇ ಇದೆ, ಈಗ ಅದರ ಹೆಸರು ಆಟೊಮೇಷನ್. ಹೊಸ ಔಟ್‌ಲುಕ್ಕಿನಲ್ಲಿ ಈ ವಿಬಿಎ ನಡೆಯುವುದಿಲ್ಲ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ, ಪರದೆಯ ಮೇಲ್ತುದಿಯಲ್ಲಿ ‘ಹೊಸದನ್ನು ಪ್ರಯತ್ನಿಸಿ’ ಎಂದು ಕರೆಯುವ ಜಾಗಕ್ಕೆ ಕಾಗದದ ಚೂರೊಂದನ್ನು ಸೆಲ್ಲೋಟೇಪಿನಿಂದ ಅಂಟಿಸಿದ್ದಾರೆ.

ಬಿಲ್ಲು ಹೋದ ಮರುಗಳಿಗೆಯಲ್ಲಿ ಮೊದಲು ಬರುವುದು ದುಡ್ಡಲ್ಲ, ‘ನಾನು ರಜೆಯಲ್ಲಿದ್ದೇನೆ’ ಎಂಬ ತಾನಾಗೇ ಹೊರಡುವ ಉತ್ತರಗಳು. ಈ ವಿದ್ಯೆಗೂ ವಯಸ್ಸಾಗಿದೆ. ಮೇಲ್ ಸಾಗಿಸುವ ‘ಸೆಂಡ್‌ಮೇಲ್’ ಪ್ರೋಗ್ರಾಮು ಬರೆದ ಎರಿಕ್ ಆಲ್ಮನ್ ಅವರದೇ ‘ವೆಕೇಷನ್’ ಎಂಬ ಯುನಿಕ್ಸ್ ಪ್ರೋಗ್ರಾಮಿನಲ್ಲಿ ಒಂದು ಜಾಣ ನಿಯಮವಿದೆ: ಒಬ್ಬರಿಗೆ ಒಮ್ಮೆ ಉತ್ತರಿಸಿದರೆ ಅವರಿಗೇ ಇನ್ನೊಂದು ವಾರ ಉತ್ತರಿಸುವುದಿಲ್ಲ. ಇಲ್ಲದಿದ್ದರೆ ರಜೆಯಲ್ಲಿರುವ ಎರಡು ಯಂತ್ರಗಳು ‘ನಾನಿಲ್ಲ’, ‘ನಾನೂ ಇಲ್ಲ’ ಎಂದು ಪರಸ್ಪರ ತಿಳಿಸುತ್ತಲೇ ಇರುತ್ತವೆ. ಔಟ್‌ಲುಕ್ಕಿನ ರಜಾ ಉತ್ತರವೂ ಒಬ್ಬರಿಗೆ ಒಮ್ಮೆ ಮಾತ್ರ.

ಖಜಾಂಚಿಗಳಿಗೆ ಇದನ್ನು ವಿವರಿಸುವಷ್ಟರಲ್ಲಿ ತಡವಾಗಿತ್ತು. ಐದನೇ ಮಹಡಿಯವರಿಂದ ‘ಪ್ರವಾಸದಲ್ಲಿದ್ದೇನೆ, ಮರಳಿದ ಮೇಲೆ ಉತ್ತರಿಸುವೆ’ ಎಂದು ಬಂದದ್ದನ್ನು ಓದಿ, ಅಷ್ಟು ಬೇಗ ಉತ್ತರ ಬರೆದ ಸೌಜನ್ಯಕ್ಕೆ ಅವರು ಕರಗಿಹೋಗಿದ್ದರು. ಕೈಯಾರೆ ಟೈಪಿಸಿ ಮಾರುತ್ತರ ಕೊಟ್ಟರು: ‘ಬಹಳ ಸಂತೋಷ ಸಾರ್. ಮನೆಯವರೆಲ್ಲ ಸುಖವಾಗಿ ಹೋಗಿಬನ್ನಿ. ಬಂದ ಮೇಲೆ ಬಾಕಿ ಕಡೆ ಸ್ವಲ್ಪ ಗಮನ ಕೊಡಿ.’ ಕಳಿಸಿ, ಪರದೆ ನೋಡುತ್ತ ಕೂತರು. ಏನೂ ಬರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರು. ಆಗಲೂ ಇಲ್ಲ.

‘ನೋಡಿದ್ರಾ?’ ಎಂದರು ನನ್ನ ಕಡೆ ತಿರುಗಿ. ‘ಬಾಕಿ ಅಂದ ತಕ್ಷಣ ಬಾಯಿ ಕಟ್ಟಿತು.’ ಎಕ್ಸೆಲ್ ತೆಗೆದು, ಐದನೇ ಮಹಡಿಯ ಸಾಲು ಹುಡುಕಿ, ‘ಸಾರ್’ ಅಳಿಸಿ, ಸೇವ್ ಮಾಡಿದರು.