ವಾರದ ಸಭೆಯ ಕ್ರೀಡಾಮೀಮಾಂಸೆ

ಊರಿನ ಸೇವಾ ಕ್ಲಬ್ಬಿನ ವಾರದ ಸಭೆ, ಮುಖ್ಯ ಅತಿಥಿ ಒಬ್ಬ ಓಟಗಾರ್ತಿ: ಇದು ವಿಷಯ. ಈ ಸಭೆಯಲ್ಲಿ ಆಡುವವರು ಯಾರು, ನೋಡುವವರು ಯಾರು: ಇದು ಸಂಶಯ. ಓಟಗಾರ್ತಿ ಆಡುವವಳು, ಸದಸ್ಯರು ನೋಡುವವರು ಎಂಬುದು ಪೂರ್ವಪಕ್ಷ. ಬಾಗಿಲಿಗೆ ಕಟ್ಟಿದ ಫ್ಲೆಕ್ಸು, ವಾಟ್ಸಾಪಿನ ಆಮಂತ್ರಣ, ಮರುದಿನದ ಪತ್ರಿಕೆಯ ಒಳಪುಟದ ವರದಿ, ಮೂರೂ ಇದನ್ನೇ ಸಾರುತ್ತವೆ. ಆದರೆ ಮೂರನ್ನೂ ಬರೆದವರು ಕ್ಲಬ್ಬಿನ ಕಾರ್ಯದರ್ಶಿಯೇ ಆದ್ದರಿಂದ ಇವು ಮೂರು ಸಾಕ್ಷ್ಯಗಳಲ್ಲ, ಒಂದೇ ಸಾಕ್ಷ್ಯದ ಮೂರು ಪ್ರತಿಗಳು. ಪಕ್ಷಪಾತವಿಲ್ಲದೆ ಪರಿಶೀಲಿಸಿದರೆ ತೇಲುವ ಸಿದ್ಧಾಂತವೇ ಬೇರೆ: ವಾರದ ಸಭೆಯೇ ಒಂದು ಸಹನಶಕ್ತಿಯ ಕ್ರೀಡೆ, ಸದಸ್ಯರೇ ಅದರ ಸ್ಪರ್ಧಿಗಳು, ವೇದಿಕೆಯ ಮೇಲೆ ಕೂತ ಓಟಗಾರ್ತಿ ಅದರ ಏಕಮಾತ್ರ ಪ್ರೇಕ್ಷಕಿ. ಪ್ರೇಕ್ಷಕರನ್ನು ವೇದಿಕೆಯ ಮೇಲೆ ಕೂರಿಸಿ ಸ್ಪರ್ಧಿಗಳು ಕೆಳಗೆ ಕೂರುವ ಕ್ರೀಡೆ ಜಗತ್ತಿನಲ್ಲಿ ಇದೊಂದೇ ಇರುವುದರಿಂದ ಇಷ್ಟು ಕಾಲ ಇದು ಯಾರ ಗಮನಕ್ಕೂ ಬಂದಿಲ್ಲ.

ಮೊದಲು ಇತಿಹಾಸ ಪ್ರಮಾಣ. 1905ರ ಫೆಬ್ರವರಿ 23ರಂದು ಶಿಕಾಗೊ ನಗರದ ಒಂದು ಕಚೇರಿಯಲ್ಲಿ ನಾಲ್ವರು ಸೇರಿದರು: ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗಸ್ಟೇವಸ್ ಲೋರ್, ದರ್ಜಿ ಹೈರಮ್ ಶೋರಿ. ಸಭೆ ಒಬ್ಬರ ಕಚೇರಿಯಿಂದ ಇನ್ನೊಬ್ಬರ ಕಚೇರಿಗೆ ಸರದಿಯಂತೆ ಸುತ್ತಬೇಕೆಂದು ತೀರ್ಮಾನವಾಯಿತು. ರೋಟರಿ ಹುಟ್ಟಿದ್ದು ಹೀಗೆ. ನಾಲ್ಕು ಜನ, ಒಂದು ಸುತ್ತು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಹೊಣೆ. ಇದು ರಿಲೇ ಓಟವಲ್ಲದೆ ಮತ್ತೇನು? 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕರಾವಳಿಯ ಅಶ್ವಿನಿ ಅಕ್ಕುಂಜಿ ಮತ್ತು ಅವರ ಮೂವರು ಸಂಗಡಿಗರು 4×400 ಮೀಟರ್ ರಿಲೇಯನ್ನು 3 ನಿಮಿಷ 27.77 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಶಿಕಾಗೊದ ನಾಲ್ವರು ಹೊರಡಿಸಿದ ಬೇಟನ್ ನೂರು ವರ್ಷ ಕಳೆದರೂ ಗುರಿ ಮುಟ್ಟಿಲ್ಲ; ಪ್ರತಿ ಜುಲೈ 1ಕ್ಕೆ ಕಾಲರ್ ರೂಪದಲ್ಲಿ ಒಬ್ಬ ಅಧ್ಯಕ್ಷರ ಕೊರಳಿನಿಂದ ಮುಂದಿನ ಅಧ್ಯಕ್ಷರ ಕೊರಳಿಗೆ ದಾಟುತ್ತಲೇ ಇದೆ. ವೇಗದಲ್ಲಿ ದೆಹಲಿಯವರು ಮೇಲು, ದೂರದಲ್ಲಿ ಶಿಕಾಗೊದವರು ಮೇಲು ಎಂದಷ್ಟೇ ಹೇಳಬಹುದು.

ಇನ್ನು ಪ್ರತ್ಯಕ್ಷ ಪ್ರಮಾಣ. ಏಳೂವರೆಯ ಸಭೆಗೆ ಎಂಟು ಗಂಟೆಗೆ ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಪ್ರಾರ್ಥನೆ, ಸ್ವಾಗತ, ಕಾರ್ಯದರ್ಶಿಯ ವರದಿ, ಈ ವಾರ ಹುಟ್ಟಿದವರಿಗೂ ಮದುವೆಯಾದವರಿಗೂ ಗುಲಾಬಿ, ವಲಯ ಸೇನಾನಿಗಳ ಎರಡು ಮಾತು, ಎರಡೇ ಮಾತು ಎಂದು ಎದ್ದ ಮಾಜಿ ಅಧ್ಯಕ್ಷರ ಇಪ್ಪತ್ತು ನಿಮಿಷ. ಇಷ್ಟೂ ಹೊತ್ತು ಓಟಗಾರ್ತಿ ಮಧ್ಯದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಎದುರಿಗಿಟ್ಟ ನೀರಿನ ಬಾಟಲಿಯ ಲೇಬಲನ್ನು ಉಗುರಿನಿಂದ ಸುಲಿಯುತ್ತ ಕೂತಿರುತ್ತಾಳೆ. ಆಮೇಲೆ ಅವಳ ಬಯೋಡೇಟಾದ ಪಾರಾಯಣ. 400 ಮೀಟರ್ ಓಟಕ್ಕೆ ಪೂರ್ತಿ ಒಂದು ನಿಮಿಷ ತೆಗೆದುಕೊಂಡವಳಿಗೆ ರಾಷ್ಟ್ರಮಟ್ಟದಲ್ಲಿ ಪದಕದ ಆಸೆಯಿಲ್ಲ. ಆ ಓಟದ ಪರಿಚಯವನ್ನು ಐದು ನಿಮಿಷದಲ್ಲಿ ಮುಗಿಸಿದವನಿಗೆ ಕ್ಲಬ್ಬಿನಲ್ಲಿ ಮರ್ಯಾದೆಯಿಲ್ಲ. 2019ರಲ್ಲಿ ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿ ಲೋಕವನ್ನೇ ಬೆರಗುಗೊಳಿಸಿದ. ಅಷ್ಟೇ ಸಮಯದಲ್ಲಿ ಕ್ಲಬ್ಬು ವಂದನಾರ್ಪಣೆಯ ಹೊಸ್ತಿಲಿಗಷ್ಟೇ ಬಂದಿರುತ್ತದೆ. ಅವನಿಗಾದರೋ ದಾರಿಯುದ್ದಕ್ಕೂ ನೀರು ಕೊಡುವವರಿದ್ದರು. ಇಲ್ಲಿನ ಸ್ಪರ್ಧಿಗಳಿಗೆ ರಾಷ್ಟ್ರಗೀತೆ ಮುಗಿಯುವವರೆಗೆ ಊಟದ ಕೋಣೆಯಿಂದ ವಾಸನೆ ಮಾತ್ರ.

ಇಲ್ಲಿ ಆಕ್ಷೇಪ ಬರುತ್ತದೆ: ಕ್ರೀಡೆಯೆಂದರೆ ನಿಯಮ, ತೀರ್ಪುಗಾರ, ದಾಖಲೆ ಇರಬೇಕಲ್ಲ? ಎಲ್ಲವೂ ಇವೆ. ಲಯನ್ಸ್ ಕ್ಲಬ್ಬುಗಳಲ್ಲಿ ಟೇಲ್ ಟ್ವಿಸ್ಟರ್ ಎಂಬ ಪದಾಧಿಕಾರಿ ತಡವಾಗಿ ಬಂದವರಿಗೆ, ಬ್ಯಾಡ್ಜ್ ಮರೆತವರಿಗೆ ದಂಡ ಹಾಕುತ್ತಾನೆ. ಒಂದು ಸಭೆಯಲ್ಲಿ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ದಂಡವಿಲ್ಲ. ಹಾಜರಿದ್ದವರೆಲ್ಲ ಒಮ್ಮತದಿಂದ ಹೇಳದ ಹೊರತು ಆ ಪದಾಧಿಕಾರಿಗೇ ದಂಡವಿಲ್ಲ. ಟ್ರ್ಯಾಕಿನ ನಿಯಮ ಇಷ್ಟು ದಯಾಮಯವಲ್ಲ: 2011ರಲ್ಲಿ ದೇಗು ನಗರದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್ ಒಂದೇ ಒಂದು ಸಲ ಮುಂಚಿತವಾಗಿ ಚಿಮ್ಮಿ ಹೊರಬಿದ್ದ. ದಾಖಲೆಯ ವಿಷಯಕ್ಕೆ ಬಂದರೆ ನೂರಕ್ಕೆ ನೂರು ಹಾಜರಿ ಎಂಬುದಕ್ಕಿಂತ ದೊಡ್ಡ ದಾಖಲೆ ರೋಟರಿಯಲ್ಲಿಲ್ಲ. ತಪ್ಪಿಸಿಕೊಂಡ ಸಭೆಗೆ ಬದಲಾಗಿ ಹಿಂದಿನ ಅಥವಾ ಮುಂದಿನ 14 ದಿನಗಳೊಳಗೆ ಇನ್ನೊಂದು ಊರಿನ ಕ್ಲಬ್ಬಿನಲ್ಲಿ ಕೂತು ಬಂದರೆ ಹಾಜರಿ ಸಿಗುವ ‘ಮೇಕಪ್’ ವ್ಯವಸ್ಥೆ ಬಹುಕಾಲ ನಡೆಯಿತು. ಒಂದು ಭಾಷಣ ತಪ್ಪಿಸಿಕೊಂಡ ಪಾಪಕ್ಕೆ ಬಸ್ಸು ಹತ್ತಿ ಹೋಗಿ ಇನ್ನೊಂದು ಭಾಷಣ ಕೇಳುವವನನ್ನು ಕ್ರೀಡಾಪಟುವಲ್ಲ ಎನ್ನುವವರು ಕ್ರೀಡೆಯನ್ನೇ ಅರಿತವರಲ್ಲ. 2016ರಲ್ಲಿ ರೋಟರಿ ಈ ನಿಯಮಗಳನ್ನು ಸಡಿಲಿಸಿ, ಕ್ಲಬ್ಬು ಬಯಸಿದರೆ ತಿಂಗಳಿಗೆ ಎರಡು ಸಭೆ ಸಾಕು ಎಂದಿತು. ಹಳಬರು ಇದನ್ನು ಕ್ರೀಡಾಮಟ್ಟದ ಕುಸಿತವೆಂದು ಕರೆದರೆ ಅಚ್ಚರಿಯಿಲ್ಲ.

ಎರಡನೆಯ ಆಕ್ಷೇಪ: ಅತಿಥಿ ಮಾತಾಡುತ್ತಾಳಲ್ಲ, ಹಾಗಾದರೆ ಆಕೆ ಪ್ರೇಕ್ಷಕಿ ಹೇಗಾದಾಳು? ಮಾತಾಡುತ್ತಾಳೆ ನಿಜ, ಆದರೆ ಅವಳ ಸರದಿ ಬರುವ ಹೊತ್ತಿಗೆ ‘ಸಮಯದ ಅಭಾವದಿಂದ’ ಎಂಬ ಚೀಟಿ ಅವಳ ಕೈ ಸೇರಿರುತ್ತದೆ. ನಂತರದ ಪ್ರಶ್ನೋತ್ತರ ನಮ್ಮ ಸಿದ್ಧಾಂತವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಬೇಟನ್ ಬದಲಾವಣೆ, ತಿರುವಿನಲ್ಲಿ ಉಸಿರು ಕಾಯ್ದುಕೊಳ್ಳುವುದು, ಸಿಂಥೆಟಿಕ್ ಟ್ರ್ಯಾಕಿಲ್ಲದ ಊರಿನಲ್ಲಿ ಅಭ್ಯಾಸ ಮಾಡುವುದು, ಇವನ್ನು ಕೇಳುವವರಿಲ್ಲ. ‘ನನಗೆ ಮಂಡಿ ನೋವಿದೆ ಮೇಡಂ, ವಾಕಿಂಗ್ ಬೆಳಿಗ್ಗೆ ಒಳ್ಳೆಯದೋ ಸಂಜೆಯೋ?’ ಎಂಬುದು ಪ್ರಶ್ನೆ. ಅಂದರೆ ಸ್ಪರ್ಧಿಯು ತನ್ನ ಗಾಯವನ್ನು ಪ್ರೇಕ್ಷಕಿಗೆ ತೋರಿಸುತ್ತಿದ್ದಾನೆ.

ಮೂರನೆಯದು ಗಂಭೀರವಾದ ಆಕ್ಷೇಪ: ಇಷ್ಟೆಲ್ಲ ಕೂತು ಲೋಕಕ್ಕೇನು ಲಾಭ? 1985ರಲ್ಲಿ ರೋಟರಿ ಪೋಲಿಯೊ ನಿರ್ಮೂಲನೆಯ ಹೊಣೆ ಹೊತ್ತಿತು. ಭಾರತದ ಕೊನೆಯ ಪೋಲಿಯೊ ಪ್ರಕರಣ ಹೌರಾದಲ್ಲಿ 2011ರ ಜನವರಿಯಲ್ಲಿ ಕಂಡುಬಂತು. 2014ರ ಮಾರ್ಚ್ 27ರಂದು ನಮ್ಮ ದೇಶವೂ ಸೇರಿದ ಇಡೀ ಪ್ರದೇಶ ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಬಂತು. ಸರ್ಕಾರದ ಲಸಿಕೆ ಕಾರ್ಯಕರ್ತೆಯರ ಜೊತೆ ಮನೆಮನೆ ತಿರುಗಿ, ಇಲ್ಲವೆಂದವರ ಬಾಗಿಲಿಗೆ ಮತ್ತೆ ಹೋಗಿ, ವರ್ಷಗಟ್ಟಲೆ ಎರಡೆರಡು ಹನಿ ಹಾಕಿಸುವ ಕೆಲಸಕ್ಕೆ ಬೇಸರವನ್ನು ಸಹಿಸುವ ಶಕ್ತಿ ಬೇಕು. ಆ ಶಕ್ತಿ ಮಾಜಿ ಅಧ್ಯಕ್ಷರ ಇಪ್ಪತ್ತು ನಿಮಿಷಗಳಲ್ಲಿ ತಯಾರಾಗುವುದಿಲ್ಲವೆಂದು ಸಾಧಿಸುವುದು ಪ್ರತಿವಾದಿಗಳ ಹೊಣೆ. ಆಕ್ಷೇಪ ನಮ್ಮ ಪಕ್ಷಕ್ಕೇ ಸಾಕ್ಷಿಯಾಯಿತು.

ನಿರ್ಣಯದಲ್ಲಿ ಒಂದೇ ತೊಡಕು ಉಳಿಯುತ್ತದೆ. ಪ್ರೇಕ್ಷಕಿಗೆ ಶಾಲು, ಹಾರ, ಮೈಸೂರು ಪೇಟ, ಗಾಜು ಹಾಕಿದ ಸ್ಮರಣಿಕೆ ಕೊಡುವುದು ಯಾವ ಶಾಸ್ತ್ರ? ಸ್ಮರಣಿಕೆಯನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯ ಕೊನೆಯ ಬಸ್ಸಿನಲ್ಲಿ ಊರು ಸೇರುವುದು ಭಾರ ಎತ್ತುವ ಅಭ್ಯಾಸವೆಂದು ಸಮರ್ಥಿಸಬಹುದಾದರೂ, 400 ಮೀಟರ್ ಓಡುವವಳಿಗೆ ಅದರ ಅಗತ್ಯವಿಲ್ಲ. ಮನೆಯ ಶೋಕೇಸಿನಲ್ಲಿ ಜಾಗವೂ ಇಲ್ಲ. ಓಟಗಾರರಿಗೆ ಸವೆಯುವುದು ಸ್ಪೈಕ್ಸ್, ಖರ್ಚಾಗುವುದು ಬಸ್ ಚಾರ್ಜು. ಆದ್ದರಿಂದ ಸನ್ಮಾನದ ಬಾಬತ್ತನ್ನು ಪ್ರೇಕ್ಷಕರ ಭತ್ಯೆ ಎಂದು ಹೆಸರು ಬದಲಿಸಿ ಆ ಹಣದಲ್ಲಿ ಒಂದು ಜೊತೆ ಶೂ ಕೊಡಿಸಬೇಕೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ. ಇದಕ್ಕೆ ಉಪಸಮಿತಿಯೂ ಬೇಡ, ಠರಾವೂ ಬೇಡ. ಬಯೋಡೇಟಾ ಕಳಿಸಿ ಎಂದು ಬರೆಯುವ ಪತ್ರದಲ್ಲೇ ಕಾರ್ಯದರ್ಶಿಗಳು ಕಾಲಿನ ಅಳತೆಯನ್ನೂ ಕೇಳಿದರೆ ಸಾಕು.