ಅಪಿ, ಬೆಟ್ಟೆ, ಕೆಂಪುಗೋಟು ಮತ್ತು ನನ್ನ ಏಜೆಂಟರು

ಹಿರೇಗುಂಟನೂರಿನಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವನಿಗೆ ಊರಲ್ಲಿ ಎಷ್ಟು ಮರ್ಯಾದೆ ಅಂತ ಕೇಳಬೇಡಿ. ಹೊಲಕ್ಕೂ ಹೋಗಲ್ಲ, ಆಫೀಸಿಗೂ ಹೋಗಲ್ಲ, ಆದರೂ ತಿಂಗಳಾದರೆ ಸಂಬಳ ಬರುತ್ತೆ ಅಂದಮೇಲೆ ಏನೋ ಐಬು ಇದ್ದೇ ಇರಬೇಕು ಅನ್ನೋದು ಅರಳಿಕಟ್ಟೆಯ ತೀರ್ಮಾನ. ಮನೆಯೊಳಗೆ ನನ್ನ ಸ್ಥಾನ ಇನ್ನೂ ಖಚಿತ. ಅವ್ವನ ಪ್ರಕಾರ ನಾನು ಮೊಬೈಲ್ ಹ್ಯಾಂಗ್ ಆದಾಗ ಆಫ್ ಮಾಡಿ ಆನ್ ಮಾಡುವವನು. ಹೆಂಡತಿ ಸರ್ಕಾರಿ ಶಾಲೆಯಲ್ಲಿ ಟೀಚರ್. ಅವಳ ಪ್ರಕಾರ ನಾನು ಹಗಲು ಹೊತ್ತಲ್ಲಿ ಸಿಲಿಂಡರ್ ಇಳಿಸಿಕೊಳ್ಳಲು ಮನೆಯಲ್ಲಿರುವ ಗಂಡಸು. ಮಗಳು ಐದನೇ ಕ್ಲಾಸು. ಅವಳಿಗೆ ನಾನು ವೈಫೈ.

ಇಂಥವನಿಗೆ ಆಫೀಸಿನಿಂದ ಒಂದು ಕೆಲಸ ಬಂತು. ಎಐ ಏಜೆಂಟ್ ಕಟ್ಟುವ ಫ್ರೇಮ್‌ವರ್ಕ್‌ಗಳು ದಿನಕ್ಕೊಂದು ಹುಟ್ಟುತ್ತಿವೆ, ಎಲ್ಲವನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಿ, ನಮಗೆ ಯಾವುದು ಆಗಿಬರುತ್ತದೆ ಅಂತ ವರದಿ ಕೊಡಿ ಅಂದರು. ಕೆಲಸ ಯಾವುದಾದರೂ ಆಗಬಹುದು, ನಿಜವಾದದ್ದಿರಲಿ ಅಂತಲೂ ಸೇರಿಸಿದರು.

ನಮ್ಮ ಜಿಲ್ಲೆಯಲ್ಲಿ ಬರ ಇರೋದು ಮಳೆಗೆ, ಕೆಲಸಕ್ಕಲ್ಲ. ಅಡಿಕೆ ಕುಯ್ಲಿನ ಕಾಲ ಬೇರೆ. ಸುಲಿದು ಬೇಯಿಸಿದ ಅಡಿಕೆ ಅಂಗಳದ ತುಂಬ ಹರಡಿತ್ತು. ಸಂಜೆಯಾದರೆ ಅವ್ವನಿಗೆ ಮೂರು ವಿಷಯ ತಿಳಿಯಬೇಕು: ಚಿತ್ರದುರ್ಗದ ಮಾರುಕಟ್ಟೆಯಲ್ಲಿ ಅಪಿ, ಬೆಟ್ಟೆ, ಕೆಂಪುಗೋಟು, ರಾಶಿ ನಾಲ್ಕಕ್ಕೂ ಇವತ್ತು ಕ್ವಿಂಟಾಲಿಗೆ ಎಷ್ಟು, ನಾಳೆ ಮಳೆ ಬರುತ್ತದೋ ಇಲ್ಲವೋ, ಅಡಿಕೆ ಕೊಡೋಣವೋ ಇಟ್ಟುಕೊಳ್ಳೋಣವೋ. ನಮ್ಮ ಹತ್ತಿರ ಇರೋದು ರಾಶಿ ಒಂದೇ. ಆದರೂ ಅವ್ವನಿಗೆ ನಾಲ್ಕರದ್ದೂ ಬೇಕು. ಇಷ್ಟು ವರ್ಷ ಈ ಕೆಲಸ ಹೇಗೆ ನಡೆಯುತ್ತಿತ್ತು ಅಂದರೆ, ಅವ್ವ ಭೀಮಸಮುದ್ರದಲ್ಲಿರುವ ತಂಗಿ ಮಗಳಿಗೆ ಫೋನ್ ಮಾಡುತ್ತಿದ್ದಳು, ಕೊಟ್ಟಿಗೆ ಬಾಗಿಲಲ್ಲಿ ನಿಂತು ಒಂದು ಸಲ ಆಕಾಶ ನೋಡುತ್ತಿದ್ದಳು, ಒಳಗೆ ಬಂದು ತೀರ್ಮಾನ ಹೇಳುತ್ತಿದ್ದಳು. ನಾನು ಇದನ್ನು ಯಾಂತ್ರೀಕರಿಸಲು ಹೊರಟೆ.

"ಎಷ್ಟು ದಿನ ಹಿಡೀತದೆ?" ಅಂದಳು ಅವ್ವ.

"ಆರು ಥರದ್ದು ಹೋಲಿಸಿ ನೋಡಬೇಕವ್ವ. ಟೈಮ್ ಆಗುತ್ತೆ."

"ಸಿರಿಗೆರೆ ಬುದ್ಧಿಯೋರು ಪಾಣಿನೀನೇ ಕಂಪ್ಯೂಟರ್‌ಗೆ ಹಾಕವ್ರೆ. ನಿಂಗೆ ನಾಕು ರೇಟು ಹೇಳಾಕೆ ಟೈಮ್ ಬೇಕಾ?"

ಇದು ನಮ್ಮ ಸೀಮೆಯಲ್ಲಿ ಕಂಪ್ಯೂಟರ್ ಕಲಿತವರಿಗಿರುವ ಶಾಶ್ವತ ಸಂಕಟ. ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ವ್ಯಾಕರಣ ಗ್ರಂಥ ಅಷ್ಟಾಧ್ಯಾಯಿಯ ಸುಮಾರು 4,000 ಸೂತ್ರಗಳನ್ನು 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶಕ್ಕೆ ಇಳಿಸಿದ್ದಾರೆ. ಮಠ ನಡೆಸಿಕೊಂಡು, ಭಕ್ತರ ಅಹವಾಲು ಕೇಳಿಕೊಂಡು ಅವರು ಅಷ್ಟು ಮಾಡಿರುವಾಗ, ಬರೀ ಕೂತು ತಿನ್ನುವ ನಾನು ಏನು ಮಾತಾಡಿದರೂ ನೆಪವಾಗುತ್ತದೆ.

ಏಜೆಂಟ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಮನೆಯಲ್ಲಿ ಯಾರೂ ಕೂತು ಕೇಳಲಿಲ್ಲ, ನೀವು ಸಿಕ್ಕಿದ್ದೀರಿ. ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗೆ ಬಾಯಿದೆ, ಕೈಕಾಲಿಲ್ಲ. ಅದಕ್ಕೆ ನಾವು ಒಂದಿಷ್ಟು ಟೂಲ್ ಕೊಡಬೇಕು: ಕೃಷಿ ಮಾರಾಟ ವಾಹಿನಿಯಲ್ಲಿ ದರ ನೋಡಿ ಬರುವ ಒಂದು ಫಂಕ್ಷನ್, ಹವಾಮಾನ ವಿಚಾರಿಸುವ ಇನ್ನೊಂದು. ಮಾದರಿ 'ಈಗ ದರ ನೋಡು' ಅನ್ನುತ್ತದೆ. ನಮ್ಮ ಪ್ರೋಗ್ರಾಂ ಓಡಿಹೋಗಿ ನೋಡಿಕೊಂಡು ಬಂದು ಒಪ್ಪಿಸುತ್ತದೆ. ಮಾದರಿ ಅದನ್ನು ಓದಿ 'ಈಗ ಮಳೆ ವಿಚಾರಿಸು' ಅನ್ನುತ್ತದೆ. ಉತ್ತರ ಸಿಗುವ ತನಕ ಇದೇ ಸುತ್ತು. ಯೋಚನೆ, ಕ್ರಿಯೆ, ಗಮನಿಕೆ ಎಂಬ ಈ ಸುತ್ತನ್ನು 2022ರ ಅಕ್ಟೋಬರಿನಲ್ಲಿ ಶುನ್ಯು ಯಾವೋ ಮತ್ತು ಸಂಗಡಿಗರು 'ರಿಯಾಕ್ಟ್' ಎಂಬ ಪ್ರಬಂಧದಲ್ಲಿ ವಿವರಿಸಿದರು. ಅದೇ ತಿಂಗಳು ಹ್ಯಾರಿಸನ್ ಚೇಸ್ ಎಂಬವನು ಲ್ಯಾಂಗ್‌ಚೈನ್ ಎಂಬ ಫ್ರೇಮ್‌ವರ್ಕ್ ಬಿಟ್ಟ. ಆಮೇಲೆ ಶುರುವಾದ ಸುಗ್ಗಿ ಇನ್ನೂ ನಿಂತಿಲ್ಲ.

ಇದನ್ನೆಲ್ಲ ವಿಡಿಯೋ ಮೀಟಿಂಗಿನಲ್ಲಿ ವಿವರಿಸುತ್ತಿದ್ದಾಗ ಹೆಂಡತಿ ಹಿಂದೆ ಬಟ್ಟೆ ಮಡಚುತ್ತಿದ್ದಳು. ಮೀಟಿಂಗ್ ಮುಗಿದಮೇಲೆ ಅಂದಳು: "ಒಬ್ಬರು ಕೂತಲ್ಲೇ ಹೇಳೋದು, ಇನ್ನೊಬ್ಬರು ಓಡಾಡಿ ಮಾಡಿ ಬಂದು ವರದಿ ಒಪ್ಪಿಸೋದು. ಹೇಳೋರು ಅತ್ತೆ, ಓಡಾಡೋಳು ನಾನು. ಇದನ್ನ ಕಂಡುಹಿಡಿಯೋಕೆ ಅಮೆರಿಕಾದೋರು ಬೇಕಿತ್ತೇನ್ರೀ?"

ಮೊದಲು ಯಾವ ಫ್ರೇಮ್‌ವರ್ಕೂ ಇಲ್ಲದೆ, ಒಂದು ಪುಟದ ಪೈಥಾನ್‌ನಲ್ಲಿ ಬರಿಯ ಲೂಪ್ ಬರೆದು ನೋಡಿದೆ. ಮೊದಲ ಸಂಜೆಯೇ ನಾಲ್ಕೂ ದರ ಸರಿಯಾಗಿ ಬಂತು, ಮಳೆಯ ಸುದ್ದಿಯೂ ಬಂತು. ಎದೆ ಧಸಕ್ಕೆಂದಿತು. ಒಂದು ಪುಟದಲ್ಲಿ ಕೆಲಸ ಆಗಿಬಿಟ್ಟರೆ ಹೋಲಿಕೆಯ ವರದಿಗೆ ಏನು ಬರೆಯಲಿ? ಕ್ಲಾಡ್ ಮಾಡಿದ ಆಂಥ್ರೊಪಿಕ್ ಕಂಪನಿಯವರು 2024ರ ಡಿಸೆಂಬರಿನಲ್ಲಿ ಇದನ್ನೇ ಹೇಳಿದ್ದರು: ಮೊದಲು ಫ್ರೇಮ್‌ವರ್ಕ್ ಇಲ್ಲದೆ ನೇರವಾಗಿ ಮಾಡಿ ನೋಡಿ, ಬಹಳಷ್ಟು ಕೆಲಸ ನಾಲ್ಕು ಸಾಲಿನಲ್ಲೇ ಆಗುತ್ತದೆ, ಬೇಕಾದರೆ ಮಾತ್ರ ಜಟಿಲಗೊಳಿಸಿ ಅಂತ. ಆ ಮಾತನ್ನು ವರದಿಯ ಮೊದಲ ಪುಟದಲ್ಲಿ ಹಾಕಿದರೆ ಎರಡನೇ ಪುಟವೇ ಬೇಕಾಗುವುದಿಲ್ಲ. ಹಾಗಾಗಿ ಹದಿನಾರನೇ ಪುಟದಲ್ಲಿ ಅಡಿಟಿಪ್ಪಣಿ ಮಾಡಿದೆ.

ಆಮೇಲೆ ಕ್ರೂಎಐಗೆ ಕೈಹಾಕಿದೆ. ಇದು ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಇಲ್ಲಿ ಪ್ರತಿ ಏಜೆಂಟಿಗೂ ಒಂದು ಪಾತ್ರ, ಒಂದು ಗುರಿ, ಒಂದು ಹಿನ್ನೆಲೆ ಕಥೆ ಬರೆದುಕೊಡಬೇಕು. ಕಾಲೇಜಿನಲ್ಲಿ ನಾಟಕ ಬರೆದು ಯಾರೂ ಆಡದೆ ಉಳಿದವನಿಗೆ ಇದಕ್ಕಿಂತ ಏನು ಬೇಕು? ಮಾರುಕಟ್ಟೆ ತಜ್ಞನಿಗೆ 'ಭೀಮಸಮುದ್ರದಲ್ಲಿ ನಲವತ್ತು ವರ್ಷ ಅಡಿಕೆ ವ್ಯಾಪಾರ ಮಾಡಿದವನು, ಕಾಯಿ ಮುಟ್ಟಿದರೆ ದರ ಹೇಳುವವನು' ಅಂತ ಬರೆದೆ. ಇದರಲ್ಲಿ ಕೆಲಸಗಳನ್ನು ಸಾಲಾಗಿ ಮಾಡಿಸಬಹುದು, ಇಲ್ಲವೇ ಮೇಲೊಬ್ಬ ಮ್ಯಾನೇಜರ್ ಕೂರಿಸಿ ಹಂಚಿಸಬಹುದು. ನಾನು ಮ್ಯಾನೇಜರ್ ಕೂರಿಸಿದೆ. ಹೆಸರು ಯಜಮಾನ. ಹಿನ್ನೆಲೆ: 'ಅನುಭವಿ, ದೂರದೃಷ್ಟಿಯುಳ್ಳವನು, ಕುಟುಂಬದ ಎಲ್ಲರೂ ಸಲಹೆ ಕೇಳಿಕೊಂಡು ಬರುವಂಥವನು.'

ಕಾಫಿ ಇಡಲು ಬಂದ ಹೆಂಡತಿ ಪರದೆ ನೋಡಿ ಇದನ್ನು ಗಟ್ಟಿಯಾಗಿ ಓದಿದಳು. "ಇದು ಯಾರ್ರೀ?"

ನಾನು ಕಾಫಿ ಕುಡಿದೆ.

ಭಾನುವಾರ ಸಂಜೆ ತಂಡವನ್ನು ಓಡಿಸಿದೆ. ಮಾರುಕಟ್ಟೆಗೆ ರಜೆ, ದರ ಬಂದಿರಲಿಲ್ಲ. ಬರಿಯ ಲೂಪ್ ಆಗಿದ್ದರೆ 'ಮಾಹಿತಿ ಇಲ್ಲ' ಅಂತ ಸುಮ್ಮನಾಗುತ್ತಿತ್ತೋ ಏನೋ. ನಲವತ್ತು ವರ್ಷದ ತಜ್ಞ ಸುಮ್ಮನಿರುತ್ತಾನೆಯೇ? ತನ್ನ ಸುದೀರ್ಘ ಅನುಭವವನ್ನು ನೆನೆದು, ಕೆಂಪುಗೋಟಿಗೆ ಒಂದು ದರವನ್ನು ಸ್ವಂತ ತಯಾರಿಸಿ, ಮಾರುಕಟ್ಟೆ ಚೇತರಿಕೆಯ ಹಾದಿಯಲ್ಲಿದೆ ಎಂದು ಷರಾ ಬರೆದ. ಹಿನ್ನೆಲೆ ಕಥೆ ಮಾದರಿಗೆ ಧೈರ್ಯ ಕೊಡುತ್ತದೆ, ಮಾಹಿತಿ ಕೊಡುವುದಿಲ್ಲ. ಅವ್ವ ಕೇಳಿ, "ನಲವತ್ತು ವರ್ಷ ಯಾಪಾರ ಮಾಡಿದೋನಿಗೆ ಭಾನುವಾರ ರಜಾ ಅಂತ ತಿಳಿಯಲ್ವಾ?" ಅಂದಳು. ಇನ್ನು ಯಜಮಾನ. ಅವನು ಎಲ್ಲರಿಗೂ ಕೆಲಸ ಹಂಚಿ, ಬಂದ ಉತ್ತರಗಳನ್ನು ಮತ್ತೆ ಅವರಿಗೇ ವಾಪಸು ಕಳಿಸಿ, ಕೊನೆಗೆ ಕೊಟ್ಟ ತೀರ್ಮಾನ: 'ಸಂಬಂಧಪಟ್ಟವರೆಲ್ಲರೊಂದಿಗೆ ಚರ್ಚಿಸಿ ಸೂಕ್ತ ನಿರ್ಧಾರ ಕೈಗೊಳ್ಳುವುದು ಉತ್ತಮ.'

"ಥೇಟ್ ನಿನ್ನಂಗೇ ಮಾತಾಡ್ತದೆ ಕಣೋ," ಅಂದಳು ಅವ್ವ, ಮೊದಲ ಸಲ ಮೆಚ್ಚುಗೆಯಿಂದ.

ಖರ್ಚಿನ ಮಾತೂ ಹೇಳಬೇಕು. ಆ ಕಥೆಗಳೆಲ್ಲ ಏಜೆಂಟ್ ಬಾಯಿ ತೆರೆದಾಗಲೆಲ್ಲ ಮಾದರಿಗೆ ಹೋಗುತ್ತವೆ, ಹೋದಷ್ಟೂ ಟೋಕನ್, ಅಂದರೆ ಪದದ ತುಣುಕುಗಳ, ಲೆಕ್ಕದಲ್ಲಿ ಬಿಲ್ಲು. ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ಬೀಳುತ್ತದೆ. 2024ರ ಮೇನಲ್ಲಿ ಬಂದ ಜಿಪಿಟಿ-4ಒದ ಹೊಸ ಟೋಕನೈಸರ್‌ನಿಂದ ಪಕ್ಕದ ತೆಲುಗಿಗೆ ಟೋಕನ್ 3.5 ಪಟ್ಟು ಕಡಿಮೆಯಾಯಿತೆಂದು ಓಪನ್‌ಎಐ ಹೇಳಿತ್ತು ಅಂದರೆ ಮೊದಲು ನಮ್ಮ ಲಿಪಿಗಳು ಎಷ್ಟು ದುಬಾರಿಯಾಗಿದ್ದವು ನೋಡಿ. ಯಜಮಾನನ ದೂರದೃಷ್ಟಿಯನ್ನು ಬಣ್ಣಿಸಲು ತಗುಲಿದ ದುಡ್ಡಿನಲ್ಲಿ ಟಾರ್ಪಾಲು ಬರುತ್ತಿತ್ತು ಅನ್ನುವುದು ಹೆಂಡತಿಯ ಅಂದಾಜು. ಅತಿಶಯೋಕ್ತಿ, ಆದರೆ ಟೀಚರ್ ಜೊತೆ ಯಾರು ವಾದಿಸುತ್ತಾರೆ?

ಮುಂದೆ ಆಟೋಜೆನ್. ಮೈಕ್ರೋಸಾಫ್ಟ್ ರಿಸರ್ಚ್‌ನವರು 2023ರಲ್ಲಿ ಹೊರತಂದದ್ದು. ಏಜೆಂಟ್‌ಗಳನ್ನೆಲ್ಲ ಒಂದು ಗುಂಪು ಹರಟೆಗೆ ಬಿಟ್ಟರೆ, ಮುಂದೆ ಯಾರು ಮಾತಾಡಬೇಕು ಅಂತ ಇನ್ನೊಬ್ಬ ಆರಿಸುತ್ತಾನೆ. ಮಾತಾಡಿ ಮಾತಾಡಿಯೇ ಕೆಲಸ ಆಗಬೇಕು. ನಮ್ಮಲ್ಲಿ ಕೆಲಸ ಬೇಗ ಆಯಿತು, ಮಾತು ಮುಗಿಯಲಿಲ್ಲ. 'ದರ ತಿಳಿಸಿದ್ದಕ್ಕೆ ಧನ್ಯವಾದಗಳು.' 'ನಿಮ್ಮ ಮಳೆ ಮಾಹಿತಿಗೂ ಧನ್ಯವಾದಗಳು.' 'ಇನ್ನೇನಾದರೂ ನೆರವು ಬೇಕಿದ್ದರೆ ತಿಳಿಸಿ.' 'ಖಂಡಿತ, ನಿಮಗೂ ಶುಭವಾಗಲಿ.' ಹಣ ಕೊಟ್ಟು ಇಂಥ ಸೌಜನ್ಯ ನೋಡುವ ಯೋಗ ಎಲ್ಲರಿಗೂ ಬರುವುದಿಲ್ಲ. ಇದಕ್ಕೆ ಮದ್ದು, ಒಂದು ಗೊತ್ತಾದ ಪದ ಕಂಡ ಕೂಡಲೇ ಸಭೆ ನಿಲ್ಲಿಸು ಅಂತ ಕಟ್ಟುವುದು. ನಾನು 'ಮುಕ್ತಾಯ' ಎಂಬ ಪದ ಕೊಟ್ಟೆ. ಮರುದಿನ ಹವಾಮಾನದ ಏಜೆಂಟ್ ಎದ್ದು 'ಹಿಂಗಾರು ಮಳೆ ಮುಕ್ತಾಯದ ಹಂತದಲ್ಲಿದೆ' ಅಂದ, ಸಭೆ ಅಲ್ಲಿಗೇ ಬರಖಾಸ್ತಾಯಿತು. ದರ ಹೇಳಬೇಕಾದವನು ಬಾಯೇ ಬಿಟ್ಟಿರಲಿಲ್ಲ.

ಆಟೋಜೆನ್ ಮನೆತನವೂ ನೆಟ್ಟಗೆ ಉಳಿಯಲಿಲ್ಲ. 2024ರ ಕೊನೆಗೆ ಎಜಿ2 ಅಂತ ಒಂದು ಕವಲು ಬೇರೆಯಾಯಿತು. 2025ರ ಜನವರಿಯಲ್ಲಿ ಮೂಲದವರೇ ಬುಡದಿಂದ ಹೊಸದಾಗಿ ಬರೆದರು. ಅಕ್ಟೋಬರ್ ಹೊತ್ತಿಗೆ ತಮ್ಮದೇ ಇನ್ನೊಂದು ಫ್ರೇಮ್‌ವರ್ಕ್ ಆದ ಸೆಮ್ಯಾಂಟಿಕ್ ಕರ್ನೆಲ್ ಜೊತೆ ಸೇರಿಸಿ ಮೈಕ್ರೋಸಾಫ್ಟ್ ಏಜೆಂಟ್ ಫ್ರೇಮ್‌ವರ್ಕ್ ಎಂಬ ಹೊಸದನ್ನೇ ತಂದರು. ನಾನು ವರದಿಗೆ ಕೋಷ್ಟಕ ಹಾಕಿ ಮುಗಿಸುವಷ್ಟರಲ್ಲಿ ಕೋಷ್ಟಕದ ಹೆಸರುಗಳೇ ಬದಲಾಗುವ ಧಂದೆ ಇದು.

ಉಳಿದವನ್ನು ಬೇಗ ಹೇಳುತ್ತೇನೆ. ಓಪನ್‌ಎಐನವರು 2024ರಲ್ಲಿ ಸ್ವಾರ್ಮ್ ಅಂತ ಪ್ರಯೋಗಕ್ಕೆ ಬಿಟ್ಟು, 2025ರ ಮಾರ್ಚಿನಲ್ಲಿ ಏಜೆಂಟ್ಸ್ ಎಸ್‌ಡಿಕೆ ತಂದರು. ಅದರ ಮುಖ್ಯ ಉಪಾಯ, ಒಬ್ಬ ಏಜೆಂಟ್ ಮಾತುಕತೆಯನ್ನೇ ಇನ್ನೊಬ್ಬನ ಕೈಗೆ ದಾಟಿಸುವುದು. ಚೊಕ್ಕಟವಾಗಿದೆ, ಕಲಿಯಲು ಹಗುರ. ಹಗ್ಗಿಂಗ್ ಫೇಸ್‌ನ ಸ್ಮೋಲ್‌ಏಜೆಂಟ್ಸ್‌ನ ತಿರುಳು ಸಾವಿರ ಸಾಲಿನಷ್ಟು. ಅಲ್ಲಿ ಮಾದರಿ ತಾನೇ ಪೈಥಾನ್ ಬರೆದು ಕೆಲಸ ಮಾಡಿಕೊಳ್ಳುತ್ತದೆ. ಅದು ಬರೆದದ್ದನ್ನು ಕಂಪನಿಯ ಕಂಪ್ಯೂಟರಿನಲ್ಲಿ ಬೇಲಿ ಹಾಕದೆ ಓಡಿಸುವ ಧೈರ್ಯ ನನಗಿಲ್ಲ. ಗೂಗಲ್‌ನ ಎಡಿಕೆ 2025ರ ಏಪ್ರಿಲ್‌ದು. ಸಾಲಾಗಿ, ಒಟ್ಟಿಗೆ, ಸುತ್ತುಸುತ್ತಾಗಿ ಕೆಲಸ ಮಾಡಿಸುವ ಏಜೆಂಟ್‌ಗಳು ಅದರಲ್ಲಿ ಸಿದ್ಧವಾಗಿಯೇ ಸಿಗುತ್ತವೆ.

"ಇವಷ್ಟರ ಒಳಗೂ ಮಾತಾಡೋ ಮಾಡೆಲ್ ಒಂದೇನಾ?" ಅಂತ ಕೇಳಿದಳು ಹೆಂಡತಿ.

"ಒಂದೇ. ಹೋಲಿಕೆ ಸರಿ ಇರಲಿ ಅಂತ."

"ಮತ್ತೆ ನೀವು ಹೋಲಿಸ್ತಿರೋದು ಏನನ್ನ?"

ಈ ಪ್ರಶ್ನೆ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಮುಂದಿನ ಹೆಜ್ಜೆ ಯಾರು ನಿರ್ಧರಿಸುತ್ತಾರೆ, ನಡೆದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ, ಎಲ್ಲಿ ನಿಲ್ಲಬೇಕು, ಈ ಮೂರರಲ್ಲಿ ಮಾತ್ರ ಇವು ಬೇರೆ ಬೇರೆ. ಮನೆಯಲ್ಲಿ ಮೂರಕ್ಕೂ ಉತ್ತರ ಅವಳೇ ಆದ್ದರಿಂದ ನಾನು ವಿವರಿಸಲು ಹೋಗಲಿಲ್ಲ.

ತೀರ್ಪು ಕೊಟ್ಟದ್ದು ಕರೆಂಟು. ನಮ್ಮಲ್ಲಿ ಮೋಟರಿಗೆ ತ್ರೀಫೇಸ್ ಬರುವ ಹೊತ್ತಿಗೂ ಮನೆಯ ಕರೆಂಟು ಹೋಗುವ ಹೊತ್ತಿಗೂ ಏನೋ ಒಳಸಂಬಂಧ ಇದೆ. ಒಂದು ಸಂಜೆ ದರ ತಂದಾಗಿತ್ತು, ಮಳೆ ವಿಚಾರಿಸುವುದಿತ್ತು, ಅಷ್ಟರಲ್ಲಿ ಹೋಯಿತು. ಯುಪಿಎಸ್ ಎರಡು ಸಲ ಕೂಗಿ ಕಣ್ಣುಮುಚ್ಚಿತು. ಕರೆಂಟು ಬಂದಮೇಲೆ ನನ್ನ ಬರಿಯ ಲೂಪ್, ಕ್ರೂ, ಹರಟೆ ಗುಂಪು ಎಲ್ಲವೂ ಮೊದಲಿಂದ ಶುರು ಮಾಡಿದವು. ಹಾಗಾಗದಂತೆ ಅವುಗಳಿಗೂ ಏರ್ಪಾಟು ಮಾಡಬಹುದು, ಕೂತು ಮಾಡಬೇಕಷ್ಟೆ. ಲ್ಯಾಂಗ್‌ಚೈನ್‌ನವರೇ 2024ರಲ್ಲಿ ತಂದ ಲ್ಯಾಂಗ್‌ಗ್ರಾಫ್‌ನ ಕಸುಬೇ ಅದು. ಕೆಲಸವನ್ನು ಗಂಟುಗಳಾಗಿ, ಗಂಟಿಂದ ಗಂಟಿಗೆ ಗೆರೆಗಳಾಗಿ ಬರೆದುಕೊಡಬೇಕು. ಹೇಳಿಟ್ಟರೆ ಹೆಜ್ಜೆ ಹೆಜ್ಜೆಗೂ ಸ್ಥಿತಿಯನ್ನು ಡೇಟಾಬೇಸಿನಲ್ಲಿ ಚೆಕ್‌ಪಾಯಿಂಟ್ ಆಗಿ ಬರೆದಿಡುತ್ತದೆ. ಅದು ಮಾತ್ರ 'ದರ ಆಯ್ತು, ಮಳೆ ಬಾಕಿ' ಅಂತ ಬಿಟ್ಟಲ್ಲಿಂದ ಎತ್ತಿಕೊಂಡಿತು. ಬರೆಯಲು ತಲೆನೋವು, ಓದಲು ಇನ್ನೂ ತಲೆನೋವು, ಆದರೆ ದಿನಕ್ಕೆರಡು ಸಲ ಕರೆಂಟು ಹೋಗುವ ಕಡೆ ನಾನು ಅದಕ್ಕೇ ಓಟು ಹಾಕುತ್ತೇನೆ. ಒಂದೇ ಉಸಿರಿಗೆ ಮುಗಿಯುವ ಕೆಲಸಕ್ಕೆ ಒಂದು ಪುಟದ ಲೂಪ್ ಸಾಕು. ನಡುವೆ ನಿಂತು, ಕಾದು, ಮತ್ತೆ ಹೊರಡಬೇಕಾದ ಕೆಲಸಕ್ಕೆ ಲ್ಯಾಂಗ್‌ಗ್ರಾಫ್. ವರದಿಯ ಸಾರ ಇಷ್ಟೇ. ಉಳಿದ ಪುಟಗಳು ಸಂಬಳಕ್ಕೆ.

ಲ್ಯಾಂಗ್‌ಗ್ರಾಫ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಹೇಳಿಟ್ಟರೆ ಮುಖ್ಯ ತೀರ್ಮಾನಕ್ಕೆ ಮುಂಚೆ ನಿಂತು ಮನುಷ್ಯರ ಒಪ್ಪಿಗೆ ಕೇಳುತ್ತದೆ, ಉತ್ತರ ಬರುವ ತನಕ ಅಲುಗಾಡುವುದಿಲ್ಲ. ನಾನು ಅದನ್ನು ಅವ್ವನ ಮೊಬೈಲಿಗೆ ಹೊಂದಿಸಿದೆ. ಸಂಜೆ ನಾಲ್ಕು ದರ, ಮಳೆ ಸುದ್ದಿ, ಕೆಳಗೆ 'ಕೊಡೋಣವೇ?' ಅಂತ ಹೌದು, ಬೇಡ ಎರಡು ಗುಂಡಿ. ಹೌದು ಒತ್ತಿದರೆ ಮಂಡಿಯವರಿಗೆ ಮೆಸೇಜು.

ಎರಡೇ ಸಂಜೆಗೆ ಮಂಡಿಯಿಂದ ಫೋನ್ ಬಂತು, ಗಾಡಿ ಯಾವಾಗ ಕಳಿಸೋದು ಅಂತ. ಅವ್ವ ಗಾಬರಿ. ಅಡಿಕೆ ಇನ್ನೂ ಒಣಗೇ ಇಲ್ಲ. ವಿಚಾರಣೆ ಮಾಡಿದಾಗ ತಿಳಿದದ್ದು, ಆ ಹೊತ್ತಲ್ಲಿ ಮೊಬೈಲ್ ಇರೋದು ಮಗಳ ಕೈಯಲ್ಲಿ. ಗೇಮಿನ ಮಧ್ಯೆ ಏನೋ ಅಡ್ಡ ಬರುತ್ತದೆ, ಬೇಗ ಹೋಗಲಿ ಅಂತ ಹೌದು ಒತ್ತುತ್ತಾಳೆ. ಮನುಷ್ಯರನ್ನು ಕೇಳಿಯೇ ಮುಂದುವರಿ ಅಂತ ಫ್ರೇಮ್‌ವರ್ಕಿಗೆ ಹೇಳಬಹುದು. ಯಾವ ಮನುಷ್ಯರನ್ನು ಅಂತ ನೋಡಿಕೊಳ್ಳಬೇಕಾದವರು ನಾವೇ.

ನಾನು ಪಾಸ್‌ವರ್ಡು, ಬೆರಳಚ್ಚು ಅಂತ ಯೋಜನೆ ಹಾಕುತ್ತಿರುವಾಗಲೇ ಅವ್ವ ಮೊಮ್ಮಗಳನ್ನು ಪಕ್ಕ ಕೂರಿಸಿಕೊಂಡು ತಿದ್ದುಪಡಿ ಜಾರಿಮಾಡಿಬಿಟ್ಟಳು. "ನೋಡವ್ವಾ, ಇನ್ಮೇಲೆ ಅದು ಕೇಳಿದಾಗೆಲ್ಲ ಬೇಡ ಅಂತ ಒತ್ತು. ನಾನು ಹೇಳಿದ ದಿನ ಮಾತ್ರ ಹೌದು."

ಆವತ್ತಿಂದ ಏಜೆಂಟ್ ದಿನಾ ಸಂಜೆ ದರ ತರುತ್ತದೆ, ಮಳೆ ವಿಚಾರಿಸುತ್ತದೆ, ವಿನಯವಾಗಿ ಕೇಳುತ್ತದೆ, ಮಗಳು ಆಟದಿಂದ ಕಣ್ಣು ಎತ್ತದೆ 'ಬೇಡ' ಒತ್ತುತ್ತಾಳೆ. ಅವ್ವ ಭೀಮಸಮುದ್ರಕ್ಕೆ ಫೋನ್ ಮಾಡುತ್ತಾಳೆ. ಮೊನ್ನೆ ರಾಶಿ ಸ್ವಲ್ಪ ಏರಿತು. ಸುದ್ದಿ ತಿಳಿದು, ವರದಿಯ ಪುಟಗಳಿಂದ ತಲೆಯೆತ್ತಿ, ಅವ್ವ ಏನನ್ನುತ್ತಾಳೋ ಅಂತ ಕಿವಿಗೊಟ್ಟೆ.

"ಹುಡುಗಿ ಕೈಗುಣ," ಅಂದಳು.