ಕರ್ಕಶ ಕ್ಯಾಸೆಟ್ ಮೀಮಾಂಸೆ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ನಾಲ್ಕನ್ನು ಆರಂಭದಲ್ಲೇ ಹೇಳದ ಗ್ರಂಥವನ್ನು ಶಾಸ್ತ್ರಜ್ಞರು ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಹೇಳಿಬಿಡುತ್ತೇವೆ. ವಿಷಯ: ಮನೆಯ ಕೋಣೆಯಲ್ಲಿ ಕೂತು ಕ್ಯಾಸೆಟ್ಟಿಗೆ ತುಂಬಿಸಿದ ಗದ್ದಲ, ಲೋಕ ಇದನ್ನು ನಾಯ್ಸ್ ಮ್ಯೂಸಿಕ್ ಎನ್ನುತ್ತದೆ. ಪ್ರಯೋಜನ: ಈತನಕ ಕಂಡುಬಂದಿಲ್ಲ. ಸಂಬಂಧ: ಗೋಡೆಯಾಚೆಯವರೊಂದಿಗೆ ಇದ್ದದ್ದೂ ಕೆಡುತ್ತದೆ. ಅಧಿಕಾರಿ: ಎರಡೂ ಕಿವಿ ನೆಟ್ಟಗಿದ್ದು, ಅವುಗಳ ಮೇಲೆ ವಿಶೇಷ ಮಮಕಾರವಿಲ್ಲದವನು.

ಪರಂಪರೆಯಿಲ್ಲದೆ ಶಾಸ್ತ್ರವಿಲ್ಲ. ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ 1913ರಲ್ಲಿ, ಇನ್ನು ಮೇಲೆ ಯಂತ್ರಗಳ ಸದ್ದೇ ಸಂಗೀತವಾಗಬೇಕೆಂದು ಪ್ರಣಾಳಿಕೆ ಬರೆದು, ಗುರುಗುಟ್ಟುವ ಪೆಟ್ಟಿಗೆಗಳನ್ನು ಮಾಡಿಸಿದ. ಆತ ಆದಿಗುರು. 1975ರಲ್ಲಿ ಅಮೆರಿಕದ ಲೂ ರೀಡ್ ಗಿಟಾರಿನ ಫೀಡ್‌ಬ್ಯಾಕನ್ನೇ ಎರಡು ಎಲ್‌ಪಿಗಳಲ್ಲಿ ತುಂಬಿ ಹೊರತಂದ. ಕೊನೆಯ ಬದಿಯ ಗೆರೆ ತನ್ನಲ್ಲೇ ಸುತ್ತುವಂತೆ ಕೊರೆದಿದ್ದರಿಂದ, ಕೇಳುಗ ಎದ್ದು ಮುಳ್ಳು ಎತ್ತುವವರೆಗೆ ಅದು ಮುಗಿಯುವುದೇ ಇಲ್ಲ. ಮೋಕ್ಷ ಸ್ವಪ್ರಯತ್ನದಿಂದಲೇ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ಆದರೆ ಶಾಸ್ತ್ರ ನಿಜವಾಗಿ ನೆಲೆಯೂರಿದ್ದು ಜಪಾನಿನಲ್ಲಿ. ಟೋಕಿಯೊದ ಮಸಾಮಿ ಅಕಿಟಾ 1979ರಲ್ಲಿ ಮೆರ್ಜ್‌ಬೋ ಎಂಬ ಅಂಕಿತನಾಮ ಧರಿಸಿದರು. ಜರ್ಮನಿಯ ಕರ್ಟ್ ಶ್ವಿಟರ್ಸ್ ಮುರುಕಲು ಚೂರುಪಾರುಗಳನ್ನು ಸೇರಿಸಿ ಮನೆಯೊಳಗೇ ಕಟ್ಟಿದ ಕಲಾಕೃತಿಯ ಹೆಸರು ಅದು. ತಮ್ಮ ಕ್ಯಾಸೆಟ್ ಸಂಸ್ಥೆಗೆ ಅಕಿಟಾ ಇಟ್ಟ ಹೆಸರು ಲೋಯೆಸ್ಟ್ ಮ್ಯೂಸಿಕ್ ಅಂಡ್ ಆರ್ಟ್ಸ್. ತನ್ನನ್ನು ತಾನೇ ಕಟ್ಟಕಡೆಯ ದರ್ಜೆಗೆ ಸೇರಿಸಿಕೊಂಡ ಈ ವಿನಯ ನಮ್ಮ ವಿದ್ವಾಂಸರಲ್ಲಿ ಅಪರೂಪ. ಲೋಹದ ತುಂಡಿಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿ ಕೆರೆಯುವುದು, ಮಿಕ್ಸರಿನಿಂದ ಹೊರಬಂದದ್ದನ್ನು ಮತ್ತೆ ಅದರ ಬಾಯಿಗೇ ತುರುಕುವುದು: ಇವು ಸಂಪ್ರದಾಯದ ಸಾಧನಕ್ರಮ. ಕ್ಯಾಸೆಟ್ಟಿಗೆ ಜೆರಾಕ್ಸ್ ಹೊದಿಕೆ; ಪ್ರಸಾರಕ್ಕೆ ಅಂಚೆಯಣ್ಣನೇ ಗತಿ. 2000ದಲ್ಲಿ ಅಕಿಟಾರ ಧ್ವನಿಗಳು 50 ಸಿಡಿಗಳ ಒಂದೇ ಪೆಟ್ಟಿಗೆಯಾಗಿ ಬಂದವು. ಪೂರ್ತಿ ಕೇಳಿದವರನ್ನು ಮಾತಾಡಿಸಬೇಕೆಂದಿದ್ದೆವು. ಅವರಿಗೆ ಪ್ರಶ್ನೆ ಕೇಳಿಸೀತೆ ಎಂಬ ಅನುಮಾನದಿಂದ ಕೈಬಿಟ್ಟೆವು.

ಇನ್‌ಕೆಪ್ಯಾಸಿಟೆಂಟ್ಸ್ ಎಂಬ ಜೋಡಿಯನ್ನೂ ಸ್ಮರಿಸತಕ್ಕದ್ದು. ಅವರಲ್ಲಿ ತೊಶಿಜಿ ಮಿಕಾವಾ ಬ್ಯಾಂಕ್ ಉದ್ಯೋಗಿ, ಫುಮಿಯೊ ಕೊಸಾಕಾಯಿ ಸರ್ಕಾರಿ ನೌಕರ. ಹಗಲು ಕೋಟು ತೊಟ್ಟು ಜಮಾ-ಖರ್ಚು ತಾಳೆ ಮಾಡಿದವರು ಬಿಡುವಿನಲ್ಲಿ ಹೀಗೆ ಅರಚುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಉಳಿದ ಬ್ಯಾಂಕಿನವರು ಯಾಕೆ ಅರಚುವುದಿಲ್ಲ ಎಂಬುದೇ ಸಂಶೋಧನೆಗೆ ಅರ್ಹವಾದದ್ದು.

ಈಗ ಮುಖ್ಯ ವಾದಕ್ಕೆ ಬರೋಣ. ಪೂರ್ವಪಕ್ಷ, ಅಂದರೆ ಮನೆಯವರು, ಹೇಳುವುದಿಷ್ಟು: ‘ಇದು ಸಂಗೀತವಲ್ಲ, ಕ್ಯಾಸೆಟ್ ಕೆಟ್ಟಿದೆ.’ ಆಕ್ಷೇಪಣೆ ಹಗುರವಾದದ್ದಲ್ಲ. 3.81 ಮಿಲಿಮೀಟರ್ ಅಗಲದ ರಿಬ್ಬನ್ನು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಸರಿಯುತ್ತದೆ. ಸಿ-60 ಕ್ಯಾಸೆಟ್ಟಿನಲ್ಲಿ ಅದರ ಉದ್ದ ಸುಮಾರು 86 ಮೀಟರ್. ಇಷ್ಟು ಕಿರಿದಾಗಿ, ಇಷ್ಟು ನಿಧಾನವಾಗಿ ಓಡುವ ಪಟ್ಟಿ ತಾನಾಗಿಯೇ ಬುಸುಗುಡುತ್ತದೆ. ನಕಲಿನ ನಕಲು ಮಾಡಿದಷ್ಟೂ ಬುಸುಗುಡುವಿಕೆ ಏರುತ್ತದೆ, ತಾರಸ್ವರ ಮಂಕಾಗುತ್ತದೆ. ಹೆಡ್ಡಿಗೆ ಕೊಳೆ ಹಿಡಿದರೆ ಧ್ವನಿ ಕಂಬಳಿ ಹೊದ್ದು ಮಲಗುತ್ತದೆ. ಹೀಗಿರುವಾಗ ಕೇಳಿಬಂದ ಘರ್ಘರದಲ್ಲಿ ಕಲಾವಿದನ ಪಾಲೆಷ್ಟು, ಕೊಳೆಯ ಪಾಲೆಷ್ಟು?

ಪ್ರತ್ಯಕ್ಷ ಪ್ರಮಾಣ ಇಲ್ಲಿ ಸೋಲುತ್ತದೆ, ಏಕೆಂದರೆ ಎರಡೂ ಒಂದೇ ಥರ ಕೇಳಿಸುತ್ತವೆ. ಅನುಮಾನವೂ ಕೈಕೊಡುತ್ತದೆ: ಹೊಗೆಯಿದ್ದಲ್ಲಿ ಬೆಂಕಿಯುಂಟು ಎನ್ನಬಹುದೇ ಹೊರತು, ಕರಕರ ಇದ್ದಲ್ಲಿ ಕಲೆಯುಂಟು ಎನ್ನಲಾಗದು. ಉಳಿದದ್ದು ಶಬ್ದಪ್ರಮಾಣ ಒಂದೇ, ಅಂದರೆ ಹೊದಿಕೆಯ ಮೇಲೆ ಪೆನ್ನಿನಲ್ಲಿ ಬರೆದ ಹೆಸರು. ಹೆಸರಿದ್ದರೆ ಕೃತಿ, ಇಲ್ಲದಿದ್ದರೆ ರಿಪೇರಿ.

ಈ ಸಿದ್ಧಾಂತಕ್ಕೆ ಅತ್ಯುತ್ತಮ ಉದಾಹರಣೆ ಅಮೆರಿಕದ ಲೋವೆಲ್ ಊರಿನ ಆರ್‌ಆರ್‌ಆರೆಕಾರ್ಡ್ಸ್‌ನ ‘ರಿಸೈಕಲ್ಡ್ ಮ್ಯೂಸಿಕ್’ ಮಾಲೆ. ಇಲ್ಲಿ ಹೊಸ ಕ್ಯಾಸೆಟ್ಟೇ ಇಲ್ಲ. ಯಾರಿಗೂ ಬೇಡವಾದ ಹಳೆಯ ಜನಪ್ರಿಯ ಹಾಡುಗಳ ಕ್ಯಾಸೆಟ್ಟಿನ ಮೇಲೆಯೇ ಗದ್ದಲ ತುಂಬಿ, ಮೂಲ ಹೊದಿಕೆಗೆ ಬೂದುಬಣ್ಣದ ಡಕ್ಟ್ ಟೇಪ್ ಬಡಿದು, ಅದರ ಮೇಲೆ ಕಲಾವಿದನ ಹೆಸರು ಗೀಚಿ ಮಾರಿದರು. ಅಂಗಡಿ ಕ್ಯಾಸೆಟ್ಟುಗಳ ಬೆನ್ನಿನ ಪುಟ್ಟ ಚಕ್ಕೆಯನ್ನು, ಯಾರೂ ಅಳಿಸದಿರಲೆಂದು, ಮೊದಲೇ ತೆಗೆದಿರುತ್ತಾರೆ. ಆ ತೂತು ಮುಚ್ಚಿದರೆ ಮಾತ್ರ ರೆಕಾರ್ಡ್ ಗುಂಡಿ ಕೆಳಗಿಳಿಯುತ್ತದೆ. ಇದರಲ್ಲಿ ಅಮೆರಿಕದವರದೇನೂ ಹೆಚ್ಚುಗಾರಿಕೆಯಿಲ್ಲ. ಭಾವಗೀತೆಯ ಕ್ಯಾಸೆಟ್ಟಿನ ತೂತಿಗೆ ಕಾಗದದುಂಡೆ ತುರುಕಿ ಮಗುವಿನ ರಚ್ಚೆಯನ್ನು ರೆಕಾರ್ಡ್ ಮಾಡಿ, ನೆಂಟರು ಬಂದಾಗಲೆಲ್ಲ ಕೇಳಿಸಿದ ಮನೆಗಳು ನಮ್ಮಲ್ಲೂ ಉಂಟು. ಹೊದಿಕೆಯ ಮೇಲೆ ಹೆಸರು ಬರೆಯಲಿಲ್ಲ, ಅಷ್ಟೆ. ಮೇಲಿನ ಸಿದ್ಧಾಂತದ ಪ್ರಕಾರ ಅವೆಲ್ಲ ರಿಪೇರಿಯ ಲೆಕ್ಕಕ್ಕೇ ಹೋದವು.

ರಸವಿಚಾರವನ್ನು ಬೇಗ ಮುಗಿಸುತ್ತೇವೆ. ಕೇಳುಗನಲ್ಲಿ ಅದ್ಭುತ, ಪಕ್ಕದ ಮನೆಯಲ್ಲಿ ರೌದ್ರ. ಒಂದೇ ಕೃತಿ ಎರಡು ಮನೆಗಳಲ್ಲಿ ಏಕಕಾಲಕ್ಕೆ ಎರಡು ರಸ ಹುಟ್ಟಿಸುವ ಈ ಚಮತ್ಕಾರ ಭರತಮುನಿಗೂ ಹೊಳೆದಿರಲಿಲ್ಲ.

ಕೊನೆಯದು ಡಾಲ್ಬಿ ವಿವಾದ. ಟೇಪ್ ಡೆಕ್ಕಿನಲ್ಲಿ ಗದ್ದಲ ತಗ್ಗಿಸುವ ಗುಂಡಿಯೊಂದಿದೆಯಷ್ಟೆ? ಮೆರ್ಜ್‌ಬೋ ಕೇಳುತ್ತ ಅದನ್ನು ಒತ್ತಿದರೆ ಮೆರ್ಜ್‌ಬೋ ಮಾಯವಾಗಬೇಡವೇ, ಎಂದು ಪೂರ್ವಪಕ್ಷ ಕುಹಕವಾಡುತ್ತದೆ. ಒತ್ತಿ ನೋಡಿದೆವು, ಮಾಯವಾಗಲಿಲ್ಲ. ಕಾರಣ ಯಂತ್ರದೊಳಗೇ ಇದೆ. ಡಾಲ್ಬಿ ಬಿ ಎಂಬ ಈ ವಿಧಾನ ರೆಕಾರ್ಡ್ ಮಾಡುವಾಗ ಮೆಲುವಾದ ತಾರಸ್ವರಗಳನ್ನಷ್ಟೇ ಎತ್ತುತ್ತದೆ, ಕೇಳಿಸುವಾಗ ಅವನ್ನು ಅಷ್ಟೇ ಇಳಿಸುತ್ತದೆ. ಜೊತೆಗೆ ಟೇಪಿನ ಬುಸುಗುಡುವಿಕೆ ಸುಮಾರು 10 ಡೆಸಿಬೆಲ್ ಇಳಿಯುತ್ತದೆ. ಜೋರಾದ ಸದ್ದಿನ ತಂಟೆಗೆ ಮಾತ್ರ ಅದು ಹೋಗುವುದೇ ಇಲ್ಲ. ಅಂದರೆ ಯಂತ್ರದ ಮತದಲ್ಲಿ ಮೆಲ್ಲಗೆ ಉಸುರುವುದು ಗದ್ದಲ, ಕಿವಿ ಹರಿಯುವಂತೆ ಅರಚುವುದು ಸಂಗೀತ. ಈ ನಿಷ್ಪಕ್ಷಪಾತ ಸಾಕ್ಷಿಯ ಬಲದ ಮೇಲೆ ನಮ್ಮ ಪಕ್ಷವೇ ಗೆದ್ದಿತೆಂದು ಘೋಷಿಸುತ್ತೇವೆ. ಆಕ್ಷೇಪಣೆ ಇದ್ದವರು ದಯವಿಟ್ಟು ಗಟ್ಟಿಯಾಗಿ ಹೇಳಬೇಕು. ಇತ್ತೀಚೆಗೆ ನಮಗೆ ಕೇಳಿಸುವುದು ಸ್ವಲ್ಪ ಕಡಿಮೆ.